ಕೇಳದೆ ಇರುವ ಹಿಂಸೆ

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯಕ್ಕೆ ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಅಳತೆಗೆ ಸರಿಯಾಗಿ ಬೀಳಬೇಕು. ಕೊನೆಗೆ ತುಪ್ಪದಲ್ಲಿ ಉಬ್ಬುವವರೆಗೆ ಹುರಿದ ಒಣದ್ರಾಕ್ಷಿ. ಟೆಕ್ಸಸ್ಸಿನಲ್ಲಿ, ಡಾಲಸ್ ಪಕ್ಕದ ಫ್ರಿಸ್ಕೊದಲ್ಲೋ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲೋ ಕನ್ನಡದ ಮನೆಯೊಂದರಲ್ಲಿ ಮಂಗಳಾರತಿ ಮುಗಿದು ಪ್ರಸಾದ ಹಂಚುವಾಗ, ಸಾಕಿದ ನಾಯಿ ಮೇಜಿನ ಕೆಳಗೆ ಕೂತು ಬಂದವರ ಕೈಯನ್ನೇ ನೋಡುತ್ತಿರುತ್ತದೆ. ದೇವರ ಪ್ರಸಾದ, ಅದಕ್ಕೂ ಒಂದು ತುತ್ತು ಇರಲಿ ಎಂದು ಹಾಕುವವರ ಮನಸ್ಸಿನಲ್ಲಿ ಪ್ರೀತಿಯ ಹೊರತು ಬೇರೇನೂ ಇಲ್ಲ. ಆದರೆ ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಎರಡು ಮೂರು ದಿನಗಳಲ್ಲೇ ಕೆಡಿಸಿಬಿಡುತ್ತದೆ. ಮೊದಲು ವಾಂತಿ, ಆಮೇಲೆ ಮಂಕು, ಆಮೇಲೆ ಮೂತ್ರ ಕಟ್ಟುವುದು. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲಾಗುವುದಿಲ್ಲ. ಇದಕ್ಕೆಲ್ಲ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಅಮೆರಿಕದ ಪ್ರಾಣಿ ವಿಷತಜ್ಞರು 2021ರಲ್ಲಿ ಊಹೆ ಮುಂದಿಟ್ಟರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳವಾಗಿದೆ. ಹಾಗಾಗಿ ಹುಳಿ, ಸಾರು, ಪುಳಿಯೋಗರೆ ಕೂಡ ನಾಯಿಯ ತಟ್ಟೆಗೆ ಬೀಳಬಾರದವುಗಳ ಸಾಲಿಗೆ ಸೇರಿವೆ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆಂಬುದು ಹಳೆಯ ಮಾತು.

ಇಲ್ಲಿ ಏಳುವ ಪ್ರಶ್ನೆ ಅಡುಗೆಮನೆಯದಲ್ಲ, ಧರ್ಮದ್ದು. ಪ್ರೀತಿಯಿಂದ ಹಾಕಿದ ತುತ್ತು ನಾಯಿಯನ್ನು ಕೊಂದರೆ ಅದು ಹಿಂಸೆಯೇ? ಮನಸ್ಸು ಶುದ್ಧವಾಗಿದ್ದರೆ ಪಾಪ ತಗಲದು ಎಂಬುದು ನಮ್ಮಲ್ಲಿ ಸಲೀಸಾಗಿ ಬರುವ ಉತ್ತರ. ಅಹಿಂಸೆಯ ವಿಚಾರವನ್ನು ಎಲ್ಲರಿಗಿಂತ ಆಳಕ್ಕೆ ಒಯ್ದ ಜೈನ ಚಿಂತಕರು ಮಾತ್ರ ಇಷ್ಟಕ್ಕೆ ತೃಪ್ತರಾಗಲಿಲ್ಲ. ಉಮಾಸ್ವಾತಿ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣ ಹೋಗುವುದನ್ನು ಮಾತ್ರ ಹಿಡಿಯಲಿಲ್ಲ, ದ್ವೇಷವೊಂದನ್ನೇ ಮುಂದಿಡಲೂ ಇಲ್ಲ. ಅಜಾಗರೂಕತೆಯನ್ನು ಲಕ್ಷಣದೊಳಗೇ ಸೇರಿಸಿದ. ನೆಲ ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿ ಹುಳ ಸತ್ತರೂ ಅವನಿಗೆ ಕರ್ಮಬಂಧವಿಲ್ಲ, ನೋಡದೆ ನಡೆಯುವವನ ಕಾಲಡಿ ಒಂದು ಹುಳವೂ ಸಾಯದಿದ್ದರೂ ಅವನು ಹಿಂಸಕನೇ ಎಂಬಷ್ಟು ದೂರ ಈ ವಿಚಾರವನ್ನು ಮುಂದಿನವರು ಎಳೆದರು. ನಾನು ಇಲ್ಲಿ ವಾದಿಸುವುದು ಈ ಎಳೆಯನ್ನೇ ಹಿಡಿದು: ನಾಯಿಯನ್ನು ಮನೆಯೊಳಕ್ಕೆ ಕರೆದುಕೊಂಡವನಿಗೆ ಅಹಿಂಸೆ ಎಂದರೆ ಮೊದಲು ತಿಳಿದುಕೊಳ್ಳುವ ಹೊಣೆ. ನಾಯಿಗೆ ಏನೋ ಆಗಿದೆ ಎಂದು ಕಂಡಾಗ ಬಲ್ಲವರನ್ನು ಕೇಳುವುದು ಆ ಹೊಣೆಯ ಮೊದಲ ಹೆಜ್ಜೆ. ಕೇಳದಿರುವುದು ಬರೀ ಸೋಮಾರಿತನವಲ್ಲ, ಹಿಂಸೆಯ ಒಂದು ಬಗೆ.

ಕೇಳಲೇಬೇಕೆಂದು ಏಕೆ ಇಷ್ಟು ಒತ್ತಿ ಹೇಳಬೇಕು? ನಾಯಿಯ ನೋವು ನಮಗೆ ನೇರವಾಗಿ ಸಿಗುವ ವಸ್ತುವಲ್ಲ. ನಮ್ಮ ನ್ಯಾಯಶಾಸ್ತ್ರದ ಮಾತಿನಲ್ಲೇ ಹೇಳುವುದಾದರೆ, ಇನ್ನೊಂದು ಜೀವದ ನೋವಿಗೆ ಪ್ರತ್ಯಕ್ಷವಿಲ್ಲ, ಮೂಕಪ್ರಾಣಿಯಾದ್ದರಿಂದ ಅದರ ಬಾಯಿಂದ ಶಬ್ದಪ್ರಮಾಣವೂ ಇಲ್ಲ, ಉಳಿದದ್ದು ಅನುಮಾನ, ಅಂದರೆ ಗುರುತು ನೋಡಿ ಊಹಿಸುವುದೊಂದೇ. ಅನುಮಾನಕ್ಕೆ ಹೇತು, ಅಂದರೆ ಆ ಗುರುತು, ಗಟ್ಟಿಯಾಗಿರಬೇಕು. ‘ಬಾಲ ಆಡಿಸುತ್ತಿದೆ, ಹಾಗಾಗಿ ನೋವಿಲ್ಲ’ ಎಂಬ ತರ್ಕ ಮನೆಮನೆಯಲ್ಲೂ ಕೇಳಿಬರುತ್ತದೆ. ಹಲ್ಲು ಕೊಳೆತ ನಾಯಿಯೂ ಬಾಲ ಆಡಿಸುತ್ತದೆ, ಸೊಂಟದ ಕೀಲು ಸವೆದ ನಾಯಿಯೂ ಯಜಮಾನ ಬಾಗಿಲು ತೆಗೆದಾಗ ಆಡಿಸುತ್ತದೆ. ಸಾಧ್ಯ, ಅಂದರೆ ಸಾಧಿಸಬೇಕಾದ ಸಂಗತಿ, ಇದ್ದಲ್ಲೂ ಇಲ್ಲದಲ್ಲೂ ಕಾಣಿಸಿಕೊಳ್ಳುವ ಇಂಥ ಹೇತುವನ್ನು ನೈಯಾಯಿಕರು ವ್ಯಭಿಚಾರಿ ಎಂದು ತಳ್ಳಿಹಾಕುತ್ತಾರೆ. ಪಶುವೈದ್ಯರು ನೋಡುವುದು ಬೇರೆಯದನ್ನು. ತುಟಿ ಎತ್ತಿ ವಸಡಿನ ಬಣ್ಣ ನೋಡುತ್ತಾರೆ. ಅಲ್ಲಿ ಬೆರಳೊತ್ತಿ ಬಿಟ್ಟಾಗ ಕೆಂಪು ಎಷ್ಟು ಬೇಗ ಮರಳುತ್ತದೆಂದು ಎಣಿಸುತ್ತಾರೆ. ಹೊಟ್ಟೆ ಒತ್ತುವಾಗ ಕೈಯನ್ನಲ್ಲ, ನಾಯಿಯ ಕಣ್ಣನ್ನು ನೋಡುತ್ತಾರೆ. ಕಳೆದ ವರ್ಷದ ತೂಕ ತೆಗೆದು ಈ ವರ್ಷದ್ದರ ಪಕ್ಕದಲ್ಲಿಡುತ್ತಾರೆ. ಇವು ನೂರಾರು ನಾಯಿಗಳಲ್ಲಿ ಪರೀಕ್ಷೆಗೊಳಗಾದ ಹೇತುಗಳು. ನಮ್ಮ ಅನುಮಾನ ಸೋಲುವಲ್ಲಿ ಅವರ ಮಾತು ಆಪ್ತವಾಕ್ಯವಾಗುತ್ತದೆ.

ಅಮೆರಿಕದ ಆಸ್ಪತ್ರೆಯಲ್ಲಿ ಕೂತ, ನಮ್ಮ ಆಚಾರವಿಚಾರ ಗೊತ್ತಿಲ್ಲದ ವೈದ್ಯೆಯ ಮಾತಿಗೆ ಆಪ್ತವಾಕ್ಯದ ಪಟ್ಟವೇ ಎಂದು ಹುಬ್ಬೇರಿಸುವವರಿಗೆ ನ್ಯಾಯಭಾಷ್ಯದಲ್ಲೇ ಉತ್ತರವಿದೆ. ವಿಷಯವನ್ನು ಸಾಕ್ಷಾತ್ ತಿಳಿದವನು, ತಿಳಿದದ್ದನ್ನು ತಿಳಿದಂತೆ ಹೇಳಬಯಸುವವನು ಆಪ್ತ ಎನ್ನುವ ವಾತ್ಸ್ಯಾಯನ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ವೇದ ಪ್ರಮಾಣ ಹೇಗೆ ಎಂಬ ಪ್ರಶ್ನೆ ಬಂದಾಗ ನ್ಯಾಯಸೂತ್ರ ದೃಷ್ಟಾಂತವಾಗಿ ತೋರಿಸುವುದು ಮಂತ್ರವನ್ನು ಮತ್ತು ಆಯುರ್ವೇದವನ್ನು: ವೈದ್ಯಶಾಸ್ತ್ರ ಹೇಳಿದಂತೆ ಮಾಡಿದರೆ ರೋಗ ವಾಸಿಯಾಗುವುದು ಕಣ್ಣಿಗೆ ಕಾಣುತ್ತದಲ್ಲ, ಹಾಗೆ. ಅಂದರೆ ಸೂತ್ರಕಾರ ಗೌತಮನ ಕಣ್ಣಿನಲ್ಲಿ ವೈದ್ಯನ ಮೇಲಿನ ನಂಬಿಕೆ ಶ್ರುತಿಯ ಮೇಲಿನ ನಂಬಿಕೆಗೆ ಎದುರಾಳಿಯಲ್ಲ, ಆಧಾರ.

ಲಕ್ಷಣವೇ ಕಾಣದ ರೋಗ ಬಂದರೆ ಅನುಮಾನ ಮೊದಲ ಹೆಜ್ಜೆಯಲ್ಲೇ ಕುಸಿಯುತ್ತದೆ. ಹ್ಯೂಸ್ಟನ್ ಇದಕ್ಕೆ ತಕ್ಕ ಊರು. ಮೆಕ್ಸಿಕೊ ಕೊಲ್ಲಿಯ ತೇವ, ವರ್ಷದ ಬಹುಪಾಲು ಸೊಳ್ಳೆ. ಅಮೆರಿಕದಲ್ಲಿ ಹಾರ್ಟ್‌ವರ್ಮ್ ಹೆಚ್ಚಿರುವ ಪ್ರದೇಶಗಳಲ್ಲಿ ಈ ಕರಾವಳಿಯೂ ಒಂದು. ಸೊಳ್ಳೆ ಕಚ್ಚಿದಾಗ ಒಳಸೇರುವ ಮರಿಹುಳ ಸುಮಾರು ಆರು ತಿಂಗಳಲ್ಲಿ ಬೆಳೆದು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲೂ ಹೃದಯದಲ್ಲೂ ನೆಲೆ ನಿಲ್ಲುತ್ತದೆ. ಹೆಣ್ಣುಹುಳ ಒಂದು ಗೇಣನ್ನೂ ಮೀರಿ ಉದ್ದವಾಗುತ್ತದೆ; ಐದಾರು ವರ್ಷ ಬದುಕುತ್ತದೆ. ಅಷ್ಟು ಕಾಲವೂ ನಾಯಿ ಉಂಡು ಓಡಾಡಿಕೊಂಡಿರಬಹುದು. ಕೆಮ್ಮು, ಬೇಗ ಸುಸ್ತಾಗುವುದು, ಮೈ ಇಳಿಯುವುದು ಕಾಣಿಸಿಕೊಳ್ಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆಗ ಕೊಡುವ ಚಿಕಿತ್ಸೆ ಶಂಖಪಾಷಾಣದ ವಂಶದ ಔಷಧಿ, ಸೊಂಟದ ಸ್ನಾಯುವಿನ ಆಳಕ್ಕೆ ಚುಚ್ಚುವ ಇಂಜೆಕ್ಷನ್ನು. ಸತ್ತ ಹುಳದ ತುಣುಕು ನಾಳಕ್ಕೆ ಅಡ್ಡ ಸಿಕ್ಕದಿರಲೆಂದು ತಿಂಗಳುಗಟ್ಟಲೆ ನಾಯಿಯನ್ನು ಓಡಲು ಬಿಡದೆ ಕಟ್ಟಿಡಬೇಕು. ಇಷ್ಟನ್ನೂ ತಡೆಯುವುದು ತಿಂಗಳಿಗೊಂದು ಮಾತ್ರೆ. ಅದು ಅಂಗಡಿಯಲ್ಲಿ ಹಾಗೇ ಸಿಗುವುದಿಲ್ಲ. ವೈದ್ಯರ ಚೀಟಿ ಬೇಕು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ‘ಚೆನ್ನಾಗೇ ಇದೆಯಲ್ಲ, ಯಾಕೆ ತೋರಿಸಬೇಕು’ ಎಂಬ ಮಾತಿಗೆ ಈ ರೋಗದ ಮುಂದೆ ಅರ್ಥವೇ ಉಳಿಯುವುದಿಲ್ಲ. ಚೆನ್ನಾಗಿರುವಾಗಲೇ ಕೇಳಬೇಕು, ಎಚ್ಚರ ಎಂದು ಜೈನರು ಕರೆದದ್ದು ಇದನ್ನೇ ಎಂದು ನನ್ನ ತಿಳಿವಳಿಕೆ.

ಹಾಗಾದರೆ ಫೋನಿನಲ್ಲಿ ಕೇಳಿದರೆ ಸಾಲದೇ, ಊರಿನ ಪರಿಚಯದ ಡಾಕ್ಟರಿಗೆ ಫೋಟೊ ಕಳಿಸಿದರೆ ಆಗದೇ? ಟೆಕ್ಸಸ್ಸಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ದಕ್ಷಿಣದ ತುದಿಯ ಬ್ರೌನ್ಸ್‌ವಿಲ್ ಊರಿನ ನಿವೃತ್ತ ಪಶುವೈದ್ಯ ರೊನಾಲ್ಡ್ ಹೈನ್ಸ್, ಪ್ರಾಣಿಯನ್ನು ಕಣ್ಣಾರೆ ನೋಡದೆ ದೂರದವರಿಗೆ ಅಂತರಜಾಲದ ಮೂಲಕ ಸಲಹೆ ಕೊಟ್ಟದ್ದಕ್ಕೆ ರಾಜ್ಯದ ಪಶುವೈದ್ಯ ಮಂಡಳಿ 2013ರಲ್ಲಿ ಶಿಕ್ಷೆ ವಿಧಿಸಿ 500 ಡಾಲರ್ ದಂಡ ಹಾಕಿತು. ಮುಟ್ಟಿ ಪರೀಕ್ಷಿಸದೆ ವೈದ್ಯ ಮತ್ತು ಪ್ರಾಣಿಯ ಸಂಬಂಧ ಹುಟ್ಟುವುದಿಲ್ಲ ಎಂಬುದು ಅಲ್ಲಿನ ಕಾಯಿದೆ. ಇದನ್ನು ಪ್ರಶ್ನಿಸಿದ ಹೈನ್ಸ್ 2015ರಲ್ಲಿ ಮೇಲ್ಮನವಿಯಲ್ಲಿ ಸೋತರು. ಪಟ್ಟುಬಿಡದೆ ಮತ್ತೆ ಹೋರಾಡಿ 2024ರಲ್ಲಿ ಗೆದ್ದರು. ಸಲಹೆ ಎಂಬುದು ಮಾತು, ಅವರ ಮಾತನ್ನು ತಡೆದದ್ದು ವಾಕ್ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು ಐದನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ವೈದ್ಯರೇ ಸಿಗದ ಕಡೆ ಏನೂ ಇಲ್ಲದ್ದಕ್ಕಿಂತ ಬಲ್ಲವನೊಬ್ಬನ ಮಾತು ಮೇಲು. ಆದರೆ ಹೇಳುವವನಿಗೆ ಹೇಳುವ ಸ್ವಾತಂತ್ರ್ಯವಿದೆ ಎಂದ ಮಾತ್ರಕ್ಕೆ ಕೇಳುವವನ ಹೊಣೆ ಮುಗಿಯಲಿಲ್ಲ. ಫೋಟೊದಲ್ಲಿ ಹೊಟ್ಟೆ ಒತ್ತಿ ನೋಡಲಾಗುವುದಿಲ್ಲ. ಡಾಲಸ್ ಪಕ್ಕದ ಪ್ಲೇನೊದಲ್ಲೋ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲೋ ಇರುವವರಿಗೆ ಹತ್ತು ನಿಮಿಷದ ಹಾದಿಯಲ್ಲೇ ಆಸ್ಪತ್ರೆಯಿರುವಾಗ, ವಾಟ್ಸ್ಯಾಪ್ ಗುಂಪಿನಲ್ಲಿ ವಿಚಾರಿಸಿ ಅರಿಸಿನ ಹಚ್ಚಿ ಸುಮ್ಮನಾಗುವುದು ಕೇಳಿದಂತೆ ನಟಿಸುವುದಷ್ಟೆ. ಮನುಷ್ಯರು ನುಂಗುವ ಐಬುಪ್ರೊಫೆನ್ ಅರ್ಧ ಮಾತ್ರೆಯನ್ನು ನಾಯಿಗೂ ಕೊಡಿ ಎನ್ನುವ ಪುಣ್ಯಾತ್ಮರು ಅಂಥ ಗುಂಪುಗಳಲ್ಲಿ ಒಬ್ಬರಾದರೂ ಇರುತ್ತಾರೆ. ಅದು ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಸುಡುವ ವಸ್ತು.

ಈಗ ಆಕ್ಷೇಪಗಳು. ನಮ್ಮ ಹಿರಿಯರು ನಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ದವರಲ್ಲ, ಅವರೇನು ಅಧರ್ಮಿಗಳೇ ಎಂಬುದು ಮೊದಲನೆಯದು. ಹಳ್ಳಿಯಲ್ಲಿ ಇದ್ದವರು ‘ದನದ ಡಾಕ್ಟ್ರು’. ಚಾಲುಕ್ಯ ಕೀರ್ತಿವರ್ಮ ಬರೆದದ್ದು ಗೋವೈದ್ಯ, ಅದರಲ್ಲಿ ಮದ್ದೂ ಇತ್ತು, ಮಂತ್ರವೂ ಇತ್ತು. ನಾಯಿ ಬಾಗಿಲಾಚೆ ಇತ್ತು, ಮುಸುರೆಯಲ್ಲಿ ಬದುಕಿತು, ತನ್ನ ಪಾಡಿಗೆ ಸತ್ತಿತು ಎಂಬುದು ಬಹುಮಟ್ಟಿಗೆ ನಿಜ. ಆದರೆ ಕನ್ನಡ ನಾಡಿನ ನೆನಪಿನಲ್ಲಿ ಬೇರೆಯದೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಡಿಸಿದ. ಮಹಾಭಾರತ ಸರಮೆ ಎಂಬ ನಾಯಿಯ ಶಾಪದಿಂದ ಶುರುವಾಗಿ, ಧರ್ಮರಾಯನ ಜೊತೆ ನಡೆದ ನಾಯಿಯವರೆಗೆ ಬರುತ್ತದೆ. ತಪ್ಪು ಮಾಡದ ತನ್ನ ಮರಿಯನ್ನು ಹೊಡೆದವರು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದೇ ಆ ತಾಯಿನಾಯಿ ಜನಮೇಜಯನನ್ನು ಶಪಿಸಿದ್ದು. ಇದಕ್ಕೆ ಹೋಲಿಸಿದರೆ ಟೆಕ್ಸಸ್ಸಿನ ಕಾನೂನು ಒಣಕಲು. ಡಾಲಸ್ ಪಕ್ಕದ ಫೋರ್ಟ್‌ವರ್ತ್‌ನ ಪ್ರಾಣಿ ಆಶ್ರಯದಲ್ಲಿ ಯಜಮಾನರು ಬರುವವರೆಗೆ ಇಟ್ಟುಕೊಳ್ಳಬೇಕಿದ್ದ ಏವರಿ ಎಂಬ ನಾಯಿ ಕಣ್ತಪ್ಪಿನಿಂದ ದಯಾಮರಣದ ಪಟ್ಟಿಗೆ ಸೇರಿ ಸತ್ತ ಪ್ರಕರಣದಲ್ಲಿ, ರಾಜ್ಯದ ಸುಪ್ರೀಂ ಕೋರ್ಟು 2013ರಲ್ಲಿ ನಾಯಿ ಆಸ್ತಿಯೇ, ಮನೆಯವರ ದುಃಖಕ್ಕೆ ಪರಿಹಾರವಿಲ್ಲ ಎಂದು 1891ರ ತನ್ನದೇ ತೀರ್ಪನ್ನು ಎತ್ತಿಹಿಡಿಯಿತು. ಕ್ರೌರ್ಯಕ್ಕೆ ಶಿಕ್ಷೆಯುಂಟು, ನಿಜ. ಅದರಾಚೆಗಿನದನ್ನೆಲ್ಲ ಕಾನೂನು ಒಡೆಯನಿಗೇ ಬಿಟ್ಟಿದೆ. ಕಾನೂನು ಬಿಟ್ಟಲ್ಲಿ ಧರ್ಮ ಹಿಡಿಯದಿದ್ದರೆ ನಾಯಿಯ ಪಾಲಿಗೆ ಯಾರೂ ಇಲ್ಲ. ಹಿರಿಯರ ನಾಯಿಗೆ ಬೀದಿಯಿತ್ತು, ಬೇಡವಾದಾಗ ಬೇರೆ ಮನೆಯಿತ್ತು. ಬೇಲಿಯೊಳಗೆ ಹುಟ್ಟಿ, ಸಂತಾನಶಕ್ತಿ ತೆಗೆಸಿಕೊಂಡು, ನಾವು ಸುರಿದ ಡಬ್ಬಿಯ ಆಹಾರವನ್ನೇ ತಿನ್ನುವ ನಾಯಿಗೆ ನಮ್ಮನ್ನು ಬಿಟ್ಟರೆ ದಿಕ್ಕಿಲ್ಲ.

ಎರಡನೆಯ ಆಕ್ಷೇಪ ಕರ್ಮದ್ದು, ಹೆಚ್ಚು ಗಟ್ಟಿಯಾದದ್ದು. ಅದರ ಪ್ರಾರಬ್ಧ ಅದು ಉಣ್ಣಬೇಕು, ನಾವು ನಡುವೆ ಕೈಹಾಕಿದರೆ ಇನ್ನೊಂದು ಜನ್ಮಕ್ಕೆ ಬಾಕಿ ಉಳಿಸಿದಂತೆ ಎನ್ನುವವರಿದ್ದಾರೆ. ಜೀವಂಧರನ ಕಥೆಯನ್ನು ಅವರು ಆಧಾರವಾಗಿ ತರಬಹುದು: ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಹಾಡಿದ ಆ ಜೈನಕಥೆಯ ರಾಜಕುಮಾರ, ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ, ಅದು ಯಕ್ಷನಾಗಿ ಹುಟ್ಟುತ್ತದೆ. ಮದ್ದಲ್ಲ, ಮಂತ್ರ ಸಾಕಾಯಿತಲ್ಲ ಎಂಬುದು ವಾದ. ಆದರೆ ಜೀವಂಧರ ದಾರಿ ಬಿಟ್ಟು ನಿಂತದ್ದು, ಬಗ್ಗಿದ್ದು, ಕಿವಿಯವರೆಗೆ ಬಾಯಿ ತಂದದ್ದು ಕರ್ಮದ ನಡುವೆ ಕೈಹಾಕಿದ್ದೇ ಅಲ್ಲವೇ? ನಾಯಿಯ ಕರ್ಮವಷ್ಟೇ ಕೆಲಸ ಮಾಡಲಿ ಎನ್ನುವವನು ಕಥೆಯಲ್ಲಿ ಯಾರಾಗಿರುತ್ತಿದ್ದ ಎಂದರೆ, ಪಕ್ಕದಲ್ಲಿ ನಡೆದುಹೋದವನು. ಇದಲ್ಲದೆ ಈ ವಾದವನ್ನು ಯಾರೂ ಪೂರ್ತಿ ಪಾಲಿಸುವುದಿಲ್ಲ. ರೇಬೀಸ್ ಲಸಿಕೆ ಹಾಕಿಸುವಾಗ, ಸಂತಾನಹರಣ ಮಾಡಿಸುವಾಗ, ತಮ್ಮ ಮಗುವಿಗೆ ಜ್ವರ ಬಂದಾಗ ನೆನಪಾಗದ ಪ್ರಾರಬ್ಧ, ದುಬಾರಿ ಸ್ಕ್ಯಾನು ಬೇಕೆಂದಾಗ ಮಾತ್ರ ನೆನಪಾದರೆ ಅದು ತತ್ತ್ವವಲ್ಲ, ಲೆಕ್ಕಾಚಾರ.

ಲೆಕ್ಕಾಚಾರವೂ ತಪ್ಪಲ್ಲ ಎಂಬುದು ಮೂರನೆಯ ಆಕ್ಷೇಪ, ಇದನ್ನು ನಾನು ಅರ್ಧ ಒಪ್ಪುತ್ತೇನೆ. ಹೇಳುವವನಿಗೆ ಮಾರುವ ಹಂಬಲವಿದ್ದರೆ ಅವನು ಆಪ್ತನಾಗುವುದು ಹೇಗೆ? ಅಮೆರಿಕದಲ್ಲಿ ಬ್ಯಾನ್‌ಫೀಲ್ಡ್, ವಿಸಿಎ ಎಂಬ ಎರಡು ದೊಡ್ಡ ಪಶು ಆಸ್ಪತ್ರೆಗಳ ಸರಪಳಿಗಳ ಒಡೆತನ ಮಾರ್ಸ್ ಕಂಪನಿಯದು. ನಾಯಿಗೆ ವಿಷವಾಗುವ ಚಾಕೊಲೇಟ್ ಮಾಡಿ ಹೆಸರಾದ ಕಂಪನಿ, ಪೆಡಿಗ್ರಿ ಆಹಾರವೂ ಅದರದೇ. ವೈದ್ಯರು ಬರೆದದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಿಸಬೇಕೆಂದು ನನ್ನ ವಾದವಲ್ಲ. ಇನ್ನೊಬ್ಬರನ್ನು ಕೇಳಬಹುದು, ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರರ ನಡುವೆ ಕಾಲೇಜ್ ಸ್ಟೇಷನ್‌ನಲ್ಲಿ 1916ರಿಂದ ನಡೆದುಬಂದ ಟೆಕ್ಸಸ್ ಎ ಅಂಡ್ ಎಮ್ ಪಶುವೈದ್ಯ ಕಾಲೇಜಿನ ಬೋಧನಾ ಆಸ್ಪತ್ರೆಯಿದೆ. ‘ಇದನ್ನು ಮಾಡಿಸದಿದ್ದರೆ ಏನಾಗುತ್ತದೆ, ನೋವು ಕಡಿಮೆ ಮಾಡುವುದಷ್ಟೇ ಸಾಕೆಂದರೆ ಏನು ಕೊಡುತ್ತೀರಿ’ ಎಂದು ಬಾಯಿಬಿಟ್ಟು ಕೇಳಬಹುದು. ಬಹಳ ವೈದ್ಯರು ಇದಕ್ಕೆ ನೇರ ಉತ್ತರ ಕೊಡುತ್ತಾರೆ. ಎಲ್ಲ ಚಿಕಿತ್ಸೆಯನ್ನೂ ಕೊಡಿಸುವುದು ಕೈಲಾಗದ ಮಾತಿರಬಹುದು. ತಿಳಿದ ಮೇಲೆ ಬೇಡವೆನ್ನುವುದಕ್ಕೂ, ಬೇಡವೆನ್ನಬೇಕಾದೀತೆಂದು ಹೆದರಿ ತಿಳಿಯದೇ ಉಳಿಯುವುದಕ್ಕೂ ಬಹಳ ಅಂತರವಿದೆ.

ಸಸ್ಯಾಹಾರಿ ಮನೆಯ ನಾಯಿಗೆ ಮಾಂಸ ಹಾಕಬೇಕೆ ಎಂಬ ಜಗಳಕ್ಕೂ ಇದೇ ಅಳತೆ, ಹೆಚ್ಚು ಹೇಳಬೇಕಿಲ್ಲ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಬಹಳ ಹೆಚ್ಚೆಂದು 2013ರ ಸಂಶೋಧನೆ ತೋರಿಸಿದೆ. ಅನ್ನ ಅದಕ್ಕೆ ಅನ್ಯವಲ್ಲ. ಆದರೆ ಬರೀ ಮೊಸರನ್ನ ಪೂರ್ಣ ಆಹಾರವೂ ಅಲ್ಲ. ಬಟಾಣಿ, ಬೇಳೆ ಹೆಚ್ಚಾಗಿ ಸೇರಿದ, ಧಾನ್ಯವಿಲ್ಲದ ತಯಾರಿ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆಗಿಳಿದದ್ದೂ ಉಂಟು. ಸಸ್ಯಾಹಾರವೇ ಬೇಕೆಂದರೆ ಪೋಷಣೆ ಬಲ್ಲ ಪಶುವೈದ್ಯರನ್ನು ಕೇಳಿ ಹಾಕಲಿ.

ಕೊನೆಯದು, ಎಲ್ಲಕ್ಕಿಂತ ಕಠಿಣವಾದದ್ದು ದಯಾಮರಣ. ಇಲ್ಲಿಯೂ ನನಗೆ ಬಹಳ ಬೆಳಕು ಕೊಟ್ಟದ್ದು ಗಾಂಧೀಜಿಯ 1928ರ ಕರುವಿನ ಪ್ರಸಂಗ. ಸಾಬರ್ಮತಿ ಆಶ್ರಮದ ಕರು ಮಗ್ಗುಲು ಬದಲಿಸಲಾರದಷ್ಟು ಯಾತನೆಯಲ್ಲಿತ್ತು. ಅವರು ಮೊದಲು ವೈದ್ಯನನ್ನು ಕರೆಸಿದರು, ಆತ ಕೈಚೆಲ್ಲಿದ ಮೇಲೆ ಆಶ್ರಮದವರೊಡನೆ ಚರ್ಚಿಸಿದರು, ಆಮೇಲೆ ವಿಷದ ಇಂಜೆಕ್ಷನ್ನಿಗೆ ಒಪ್ಪಿದರು. ದೇಶದ ಎಲ್ಲೆಡೆಯಿಂದ ಬೈಗುಳದ ಪತ್ರ ಬಂದಾಗ ಅವರು ಮುಂದಿಟ್ಟ ಷರತ್ತುಗಳು ನಾಲ್ಕು: ರೋಗ ವಾಸಿಯಾಗದ್ದೆಂದು ಖಚಿತವಾಗಿರಬೇಕು, ಸಂಬಂಧಪಟ್ಟವರೆಲ್ಲ ಆಸೆ ಬಿಟ್ಟಿರಬೇಕು, ಯಾವ ಸೇವೆಯಿಂದಲೂ ನೆರವಾಗುವಂತಿರಬಾರದು, ತನ್ನಿಚ್ಛೆಯನ್ನು ಹೇಳಲು ಆ ಜೀವಕ್ಕೆ ಆಗುತ್ತಿರಬಾರದು. ಮೊದಲ ಮೂರನ್ನೂ ವೈದ್ಯರನ್ನು ಕೇಳದೆ ತಿಳಿಯುವ ದಾರಿಯಿಲ್ಲ. ಕೊಲ್ಲುವುದಿಲ್ಲ ಎಂದು ಸಂಕಲ್ಪ ಮಾಡಿದ ಊರೂ ಇಲ್ಲಿಗೇ ಬಂದು ನಿಂತಿತು: 2010ರಲ್ಲಿ ನೋ-ಕಿಲ್ ನಿರ್ಣಯ ಕೈಗೊಂಡ ಆಸ್ಟಿನ್ ನಗರಸಭೆ ಆಶ್ರಯಕ್ಕೆ ಬಂದ ಪ್ರಾಣಿಗಳಲ್ಲಿ ಶೇಕಡಾ 90ನ್ನು ಉಳಿಸುವ ಗುರಿಯಿಟ್ಟಿತು, 2019ರಲ್ಲಿ ಅದನ್ನು 95ಕ್ಕೆ ಏರಿಸಿತು. ನೂರು ಎನ್ನಲಿಲ್ಲ. ಉಳಿಸಲಾಗದ ರೋಗ, ತಾಳಲಾಗದ ಗಾಯ ಆ ಉಳಿದ ಪಾಲಿನಲ್ಲಿವೆ.

ಇದಕ್ಕೆ ಎದುರಾಗಿ, ಜೈನ ಮುನಿಗಳು ಅನ್ನ ತೊರೆದು ದೇಹ ಬಿಟ್ಟ ಶ್ರವಣಬೆಳಗೊಳದ ಚಂದ್ರಗಿರಿಯತ್ತ ಬೊಟ್ಟು ಮಾಡುವವರುಂಟು. ನಾಯಿ ತಾನೇ ಅನ್ನ ಬಿಟ್ಟಿದೆ, ಸಲ್ಲೇಖನದಂತೆ ಶಾಂತವಾಗಿ ಹೋಗಲು ಅಣಿಯಾಗಿದೆ, ಬಿಟ್ಟುಬಿಡಿ ಎನ್ನುತ್ತಾರೆ. ಮನಸ್ಸಿಗೆ ಹಿತವಾದ ಮಾತು, ಆದರೆ ಅಪಾಯದ್ದು. ಪುರಾಣದಲ್ಲಿ ಮಹಾವೀರನ ಹಿಂದಿನ ಜನ್ಮದ ಸಿಂಹ ವ್ರತ ಹಿಡಿದೀತು. ಆಸ್ಟಿನ್ನಿನ ಮನೆಯ ಮೂಲೆಯಲ್ಲಿ ಮುದುಡಿ ಮಲಗಿದ ನಾಯಿ ಅನ್ನ ಬಿಟ್ಟದ್ದಕ್ಕೆ ಕಾರಣ ಒಸಡಿನಲ್ಲಿ ಕೀವು ತುಂಬಿದ್ದಿರಬಹುದು, ಮೂತ್ರಪಿಂಡ ಸೋತು ಬಂದ ವಾಕರಿಕೆಯಿರಬಹುದು. ಮೊದಲನೆಯದು ಹಲ್ಲು ಕಿತ್ತರೆ ಹೋಗುತ್ತದೆ, ಎರಡನೆಯದಕ್ಕೆ ಔಷಧಿಯಿದೆ. ಸಲ್ಲೇಖನ ತಿಳಿದು ತಾನೇ ತೆಗೆದುಕೊಳ್ಳುವ ವ್ರತ. ಇನ್ನೊಬ್ಬರ ಹಸಿವನ್ನೂ ನೋವನ್ನೂ ನೋಡುತ್ತಾ ಕೂತು ಅದಕ್ಕೆ ಆ ಹೆಸರಿಡುವ ಹಕ್ಕು ಯಾರಿಗೂ ಇಲ್ಲ. ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ರೂಪಿಸಿದ ಅಳತೆಪಟ್ಟಿಯೊಂದು ಈಗ ಬಹಳ ಕಡೆ ಬಳಕೆಯಲ್ಲಿದೆ: ನೋವು, ಹಸಿವು, ನೀರು, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳೇ ಹೆಚ್ಚೇ ಎಂಬುದು, ಒಂದೊಂದಕ್ಕೂ ಹತ್ತರಲ್ಲಿ ಅಂಕ, ಒಟ್ಟು 35 ದಾಟಿದರೆ ಬದುಕು ಸಹ್ಯ. ಅಂಕಿ ನಮ್ಮ ಪರವಾಗಿ ತೀರ್ಮಾನ ಮಾಡುವುದಿಲ್ಲ. ಆದರೆ ಏಳನ್ನೂ ದಿನಾ ಬರೆದಿಡುವವರು ನಾಯಿಯನ್ನು ನಿಜವಾಗಿ ನೋಡತೊಡಗುತ್ತಾರೆ.

ಇಷ್ಟು ಕೇಳಿ ತಿಳಿದ ಮೇಲೂ ಎರಡು ಮನೆಯವರು ಬೇರೆಬೇರೆ ನಿರ್ಧಾರಕ್ಕೆ ಬರಬಹುದು. ಒಂದು ಮನೆಯವರು ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಇಂಜೆಕ್ಷನ್ನಿಗೆ ಒಪ್ಪಬಹುದು. ಇನ್ನೊಂದು ಮನೆಯವರು ಪ್ರಾಣ ತೆಗೆಯುವುದು ತಮ್ಮಿಂದಾಗದೆಂದು, ನೋವಿಗೆ ಬರೆಸಿಕೊಂಡ ಔಷಧಿಯನ್ನು ಹೊತ್ತುಹೊತ್ತಿಗೆ ಕೊಡುತ್ತಾ, ಮಗ್ಗುಲು ತಿರುಗಿಸುತ್ತಾ, ಒದ್ದೆ ಬಟ್ಟೆ ಬದಲಿಸುತ್ತಾ ಕೊನೆಯವರೆಗೆ ನೋಡಿಕೊಳ್ಳಬಹುದು. ನನ್ನ ವಾದ ಇವರಿಬ್ಬರಲ್ಲಿ ಒಬ್ಬರನ್ನೂ ಅಧರ್ಮಿ ಎನ್ನಲಾರದು. ಅದು ವಾದದ ಮಿತಿಯೆಂದರೆ ಮಿತಿಯೇ ಸರಿ. ಮೈಸೂರಿನ ದತ್ತಪೀಠದ ನಂಟಿರುವ ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲೋ, ಹ್ಯೂಸ್ಟನ್ ಬಳಿ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲೋ ಅರ್ಚಕರ ಮುಂದೆ ‘ಇದು ಪಾಪವೇ ಸ್ವಾಮಿ’ ಎಂದು ನಿಲ್ಲುವವರಿಗೆ ಅರ್ಚಕರು ಹಾಕಬೇಕಾದ ಮೊದಲ ಪ್ರಶ್ನೆ, ಡಾಕ್ಟರು ಏನೆಂದರು ಎಂಬುದು. ಡಾಕ್ಟರಿಗೆ ಇನ್ನೂ ತೋರಿಸಿಲ್ಲ, ದೇವರ ಮೇಲೆ ಭಾರ ಹಾಕಿದ್ದೇವೆ ಎಂಬ ಉತ್ತರ ಬಂದರೆ, ಪ್ರಾಯಶ್ಚಿತ್ತದ ಮಾತು ಆಮೇಲೆ, ಮೊದಲು ನಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಹೊರಡಿ ಎನ್ನಬೇಕು.